ಓದುವವರಿಗೆ ಚಿತ್ರ ಉಡುಗೊರೆ ಕೊಡ್ತೀರಾ? ಮೊದಲು ಒತ್ತಕ್ಷರ ನೋಡಿ

(ಇದು ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ನಿಂತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಡಿಸೆಂಬರ್ ಬಂತು. ಆಫೀಸಲ್ಲಿ ಸೀಕ್ರೆಟ್ ಸಾಂಟಾ ಚೀಟಿ ಎತ್ತೋ ಕಾಲ. ರಜೆಗೆ ಊರಿಗೆ ಹೋಗೋರು, ವರ್ಷದ ಕೊನೆಗೆ ಒಂದು ಸಲ ಸೇರೋ ಹಳೇ ಗೆಳೆಯರು, ಇವರೆಲ್ಲರಿಗೂ ಏನಾದ್ರೂ ತಗೊಂಡು ಹೋಗಬೇಕು. ಆ ಪಟ್ಟಿಯಲ್ಲಿ ಒಬ್ಬರಾದ್ರೂ ಪುಸ್ತಕದ ಹುಳು ಇದ್ದೇ ಇರ್ತಾರೆ. ಅವರಿಗೆ ಪುಸ್ತಕ ಕೊಡೋಣ ಅಂದ್ರೆ, ನಾವು ಯೋಚಿಸಿದ ಪುಸ್ತಕ ಅವರ ಕಪಾಟಿನಲ್ಲಿ ಆಗಲೇ ಇರುತ್ತೆ, ಅದೂ ಎರಡು ಪ್ರತಿ. ಹಾಗಾಗಿ ಈಗೀಗ ತುಂಬ ಜನ ಇನ್ನೊಂದು ದಾರಿ ಹಿಡೀತಿದಾರೆ. ಪುಸ್ತಕಕ್ಕೆ ಸಂಬಂಧಪಟ್ಟ ಚಿತ್ರ. ಕಾದಂಬರಿಯ ಒಂದು ದೃಶ್ಯ, ಒಂದು ಪಾತ್ರ, ಒಂದು ವಚನ, ಒಂದು ಕಗ್ಗ, ಪ್ರಿಂಟ್ ಮಾಡಿಸಿ ಕಟ್ಟು ಹಾಕಿಸಿ ಕೊಡೋದು. ಇವತ್ತು ಅದರ ಬಗ್ಗೆನೇ ಮಾತು.

ಇದನ್ನ ಹೇಳೋಕೆ ನನಗೊಂದು ಅರ್ಹತೆ ಇದೆ. ನಾನು ಇದರಲ್ಲಿ ಚೆನ್ನಾಗಿ ಮುಗ್ಗರಿಸಿದೀನಿ.

ನಮ್ಮ ಚಿಕ್ಕಮ್ಮ ಹೈಸ್ಕೂಲಲ್ಲಿ ಕನ್ನಡ ಟೀಚರ್ ಆಗಿದ್ದವರು. ನಿವೃತ್ತರಾದ ವರ್ಷ ರಜೆಗೆ ಹೋಗುವಾಗ ಅವರಿಗೆ ಅಂತ ಆನ್‌ಲೈನಲ್ಲಿ ಒಂದು ವಚನದ ಪ್ರಿಂಟ್ ತರಿಸಿದೆ. ಫೋನಲ್ಲಿ ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ, ಕಪ್ಪು ಹಿನ್ನೆಲೆ, ಬಂಗಾರದ ಬಣ್ಣದ ಅಕ್ಷರ, ಮೂಲೆಯಲ್ಲಿ ಒಂದು ಹಣತೆ. ಚಿಕ್ಕಮ್ಮ ಕವರ್ ಬಿಚ್ಚಿದರು. ಕನ್ನಡಕ ಹಾಕ್ಕೊಂಡರು. ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು, ‘ಇದನ್ನ ಓದಿ ತಂದ್ಯೋ, ನೋಡಿ ತಂದ್ಯೋ?’

ಕೆಳಗೆ ಹೆಸರು ಬಸವಣ್ಣ ಅಂತ ಇತ್ತು. ವಚನದ ಕೊನೆಯಲ್ಲಿದ್ದ ಅಂಕಿತ ಚೆನ್ನಮಲ್ಲಿಕಾರ್ಜುನ. ಅಂದ್ರೆ ಅಕ್ಕಮಹಾದೇವಿಯದು. ಅದಾದ್ರೂ ಸರಿಯಾಗಿ ಅಚ್ಚಾಗಿತ್ತಾ? ಇಲ್ಲ. ‘ಚೆನ್‌ನಮಲ್‌ಲಿಕಾರ್‌ಜುನ’ ಅಂತಿತ್ತು. ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಸಾಲಲ್ಲಿ ನಿಂತಿದ್ದವು. ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ‘ಪರವಾಗಿಲ್ಲ ಬಿಡು, ಪಾಪ ದುಡ್ಡು ಕೊಟ್ಟು ತಂದಿದ್ದೀಯ’ ಅಂತ ಬೀರುವಿನ ಮೇಲೆ ಇಟ್ಟರು. ನನ್ನ ಭಾಷೆ ತಿದ್ದಿ ಬೆಳೆಸಿದವರಿಗೆ, ತಪ್ಪು ತಪ್ಪು ಭಾಷೆಯನ್ನ ಚೌಕಟ್ಟು ಹಾಕಿ ತಂದುಕೊಟ್ಟಿದ್ದೆ ನಾನು. ಆ ರಾತ್ರಿ ಸರಿಯಾಗಿ ಊಟ ಸೇರಲಿಲ್ಲ.

ಓದುವವರಿಗೆ ಇಂಥ ಉಡುಗೊರೆ ಕೊಟ್ಟಾಗ ನಾವು ಹೇಳ್ತಿರೋದು ಒಂದೇ: ‘ನೀವು ಏನು ಓದ್ತೀರಿ ಅಂತ ನನಗೆ ಗೊತ್ತು.’ ಗೊತ್ತಿಲ್ಲದೇ ಇದ್ರೆ ಅದೂ ಅಲ್ಲೇ ಬಯಲಾಗಿಬಿಡುತ್ತೆ, ಗೋಡೆ ಮೇಲೆ, ಎಲ್ಲರ ಎದುರಿಗೆ.

ಮೊದಲು ಈ ಒತ್ತಕ್ಷರದ ಸಮಸ್ಯೆ ಯಾಕೆ ಬರುತ್ತೆ ಅಂತ ಹೇಳಿಬಿಡ್ತೀನಿ. ನಮ್ಮ ಫೋನಲ್ಲಿ ನಾವು ಟೈಪ್ ಮಾಡೋ ಕನ್ನಡ ಯೂನಿಕೋಡ್. ಅದರಲ್ಲಿ ‘ನ್ನ’ ಅನ್ನೋದು ಒಂದು ಅಕ್ಷರ ಅಲ್ಲ. ನ, ಅದರ ಮೇಲೊಂದು ಅರ್ಧಚಿಹ್ನೆ, ಆಮೇಲೆ ಇನ್ನೊಂದು ನ, ಹೀಗೆ ಮೂರು ತುಂಡು. ಈ ಮೂರನ್ನೂ ಸೇರಿಸಿ ಕೆಳಗೆ ಒತ್ತು ಬರೋ ಹಾಗೆ ಮಾಡೋದು ಸಾಫ್ಟ್‌ವೇರ್ ಕೆಲಸ. ಡಿಸೈನ್ ಮಾಡೋ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಭಾರತದ ಲಿಪಿಗಳಿಗೆ ಅಂತ ಪ್ರತ್ಯೇಕ ಸೆಟ್ಟಿಂಗ್ ಇರುತ್ತೆ. ಅದನ್ನ ಆನ್ ಮಾಡದೇ ಕನ್ನಡ ಪೇಸ್ಟ್ ಮಾಡಿದ್ರೆ, ತುಂಡುಗಳು ಸೇರೋದೇ ಇಲ್ಲ. ‘ಕನ್ನಡ’ ಹೋಗಿ ‘ಕನ್‌ನಡ’ ಆಗುತ್ತೆ. ‘ಸೂರ್ಯ’ ಹೋಗಿ ‘ಸೂರ್‌ಯ’. ಡಿಸೈನ್ ಮಾಡಿದವರಿಗೆ ಕನ್ನಡ ಬರದೇ ಇದ್ರೆ ಅವರ ಕಣ್ಣಿಗೆ ಅದು ಬೀಳೋದೂ ಇಲ್ಲ. ಇನ್ನೊಂದು ಕಡೆ ನುಡಿ ಥರದ ಹಳೇ ಫಾಂಟ್‌ಗಳಿವೆ. ಅಲ್ಲಿ ಕಂಪ್ಯೂಟರ್ ಪಾಲಿಗೆ ಅದು ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ವೇಷ ಅಷ್ಟೇ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದ್ರೆ ವೇಷ ಕಳಚಿಬೀಳುತ್ತೆ.

ಈಗ ಮೂರನೇದೂ ಸೇರಿಕೊಂಡಿದೆ. ಎಐ ಮಾಡಿದ ಚಿತ್ರಗಳು. ಅದರಲ್ಲಿ ಬರೋ ಕನ್ನಡ ದೂರದಿಂದ ಕನ್ನಡದ ಥರಾನೇ ಗುಂಡಗುಂಡಗೆ ಕಾಣುತ್ತೆ. ಹತ್ತಿರ ಹೋದ್ರೆ ಎಷ್ಟೋ ಸಲ ಒಂದಕ್ಷರನೂ ಅಕ್ಷರ ಅಲ್ಲ. ಹಾಗಾಗಿ ಆರ್ಡರ್ ಮಾಡೋ ಮೊದಲು ಚಿತ್ರವನ್ನ ಎರಡು ಬೆರಳಲ್ಲಿ ಹಿಗ್ಗಿಸಿ, ಪ್ರತಿ ಪದವನ್ನೂ ಬಾಯಿಬಿಟ್ಟು ಓದಿ. ಮನಸ್ಸಲ್ಲಿ ಓದಬೇಡಿ, ಮನಸ್ಸು ತಾನೇ ತಿದ್ದಿಕೊಂಡು ಓದಿಬಿಡುತ್ತೆ.

ಅಕ್ಷರ ಸರಿಯಿದೆ ಅಂತಾಯ್ತು. ಮಾತು ಯಾರದು? ಇಲ್ಲಿ ಕನ್ನಡ ನಮಗೊಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ, ನಾವೇ ಬಳಸಿಕೊಳ್ಳಲ್ಲ. ವಚನಕ್ಕೆ ಅಂಕಿತ ಇರುತ್ತೆ. ಕೂಡಲಸಂಗಮದೇವ ಅಂದ್ರೆ ಬಸವಣ್ಣ, ಗುಹೇಶ್ವರ ಅಂದ್ರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಅಂದ್ರೆ ಅಕ್ಕ. ಕೆಳಗಿರೋ ಹೆಸರಿಗೂ ಅಂಕಿತಕ್ಕೂ ತಾಳೆ ಆಗುತ್ತಾ ನೋಡೋಕೆ ಒಂದು ನಿಮಿಷ ಸಾಕು. ನಾನು ಆ ಒಂದು ನಿಮಿಷ ಕೊಟ್ಟಿರಲಿಲ್ಲ. ಡಿ.ವಿ.ಜಿ. ಅವರ ಕಗ್ಗದ ಪದ್ಯಗಳೂ ಹಾಗೇ, ಕೊನೆಗೆ ಮಂಕುತಿಮ್ಮ ಬರ್ತಾನೆ. ಒಟ್ಟು 945 ಪದ್ಯ, ಪುಸ್ತಕ ಎಲ್ಲಾ ಕಡೆ ಸಿಗುತ್ತೆ, ಹುಡುಕಿ ನೋಡಬಹುದು. ಕಷ್ಟ ಇರೋದು ಅಂಕಿತ ಇಲ್ಲದ ಕವಿಗಳ ವಿಷಯದಲ್ಲಿ. ವಾಟ್ಸಾಪಲ್ಲಿ ಬೆಳಿಗ್ಗೆ ಬರೋ ಶುಭೋದಯದ ಸಾಲುಗಳ ಕೆಳಗೆಲ್ಲ ಬೇಂದ್ರೆ, ಕುವೆಂಪು ಅಂತ ಹಾಕಿರ್ತಾರಲ್ಲ, ಅದನ್ನ ನಂಬಿ ಪ್ರಿಂಟ್ ಮಾಡಿಸಬೇಡಿ. ಯಾವ ಸಂಕಲನ, ಯಾವ ಕವಿತೆ ಅಂತ ಹೇಳೋಕೆ ಆಗದೇ ಇದ್ರೆ ಆ ಸಾಲನ್ನ ಬಿಟ್ಟುಬಿಡೋದು ಒಳ್ಳೇದು. ಕೊಡಿಸಿಕೊಳ್ಳೋರು ಆ ಕವಿಯನ್ನ ಓದಿದವರು, ನೆನಪಿರಲಿ.

ನನ್ನನ್ನ ಕೇಳಿದ್ರೆ, ಸಾಲುಗಳ ಗೋಜೇ ಬೇಡ. ಅಕ್ಷರ ಇಲ್ಲದ ಚಿತ್ರ ಆರಿಸಿ.

ಯಾಕೆ ಅಂತ ಹೇಳ್ತೀನಿ. ಒಂದು ಪುಸ್ತಕ ಇಷ್ಟಪಟ್ಟವರ ಮನಸ್ಸಲ್ಲಿ ಉಳಿಯೋದು ಹೆಚ್ಚಾಗಿ ಒಂದು ವಸ್ತು, ಒಂದು ಜಾಗ, ಒಂದು ಪ್ರಾಣಿ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಹಾರುವ ಓತಿಯ ಒಂದು ಚಿತ್ರ ಕೊಟ್ಟು ನೋಡಿ. ಮೇಲೆ ಪುಸ್ತಕದ ಹೆಸರು ಬೇಡ, ಲೇಖಕರ ಮುಖ ಬೇಡ. ಗೊತ್ತಿಲ್ಲದವರಿಗೆ ಅದೊಂದು ಹಲ್ಲಿಯ ಚಿತ್ರ. ಗೊತ್ತಿರೋರಿಗೆ ಅದು ಮಂದಣ್ಣ, ಜೇನು, ಆ ಕಾಡು, ಆ ಕೊನೆಯ ಅಧ್ಯಾಯ ಎಲ್ಲಾನೂ. ಮನೆಗೆ ಬಂದ ಇನ್ನೊಬ್ಬ ಓದುಗ ಅದನ್ನ ನೋಡಿ ‘ಓಹೋ’ ಅಂದ್ರೆ ಅಲ್ಲೇ ಅರ್ಧ ಗಂಟೆ ಮಾತು ಶುರು. ‘ಮಲೆಗಳಲ್ಲಿ ಮದುಮಗಳು’ ಇಷ್ಟದವರಿಗೆ ಗುತ್ತಿಯ ಜೊತೆ ನಡೆಯೋ ನಾಯಿ ಹುಲಿಯ. ‘ಘಾಚರ್ ಘೋಚರ್’ ಓದಿದವರಿಗೆ ಸಾಲಾಗಿ ಹೋಗೋ ಇರುವೆ, ಅಷ್ಟೇ ಸಾಕು, ಇಡೀ ಹಾಳೆ ಖಾಲಿ ಬಿಟ್ಟು ಒಂದು ಮೂಲೆಯಲ್ಲಿ ನಾಲ್ಕು ಇರುವೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಹಣತೆಯ ಚಿತ್ರಗಳು ಸುಮಾರು ಕಾಣ್ತಿವೆ. ಚೆನ್ನಾಗಿವೆ. ಆದ್ರೆ ‘ಎದೆಯ ಹಣತೆ’ ಕಥೆಯನ್ನ ಓದಿದವರಿಗೆ ಗೊತ್ತು, ಅದು ದೀಪಾವಳಿ ಶುಭಾಶಯದ ಹಣತೆ ಅಲ್ಲ.

ಇದರ ಜೊತೆಗೇ ಒಂದು ಎಚ್ಚರಿಕೆ. ಪುಸ್ತಕ ಇಷ್ಟ ಅಂದ ಮಾತ್ರಕ್ಕೆ ಅದರ ಚಿತ್ರ ದಿನಾ ಕಣ್ಣೆದುರಿಗೆ ಇರಬೇಕು ಅಂತಲ್ಲ. ‘ಸಂಸ್ಕಾರ’ ದೊಡ್ಡ ಕಾದಂಬರಿ, ಒಪ್ಪಿದೆ. ಕಥೆ ಶುರುವಾಗೋದೇ ಮನೆಯಲ್ಲಿ ಒಂದು ಹೆಣ ಇಟ್ಕೊಂಡು. ಅದನ್ನ ಗೃಹಪ್ರವೇಶಕ್ಕೆ ಒಯ್ಯಬೇಡಿ. ‘ಚೋಮನ ದುಡಿ’ಯ ದುಡಿಯನ್ನ ನೋಡಿದಾಗಲೆಲ್ಲ ಚೋಮನ ಗತಿ ನೆನಪಾಗುತ್ತೆ. ಅಂಥ ಚಿತ್ರ ಬೇಕು ಅನ್ನೋರೂ ಇದಾರೆ, ಆದ್ರೆ ಅದು ಅವರೇ ಕೇಳಿ ಹಾಕಿಸಿಕೊಳ್ಳಬೇಕಾದ್ದು.

ಇನ್ನು ಚಿತ್ರ ಯಾರದು ಅನ್ನೋ ಪ್ರಶ್ನೆ. ಇದನ್ನ ಹಾರಿಸಿಬಿಡಬೇಡಿ, ಸ್ವಲ್ಪ ಕೇಳಿ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಬರೆದವರು ಬದುಕಿರೋ ತನಕ, ಅವರು ತೀರಿಕೊಂಡ ವರ್ಷ ಕಳೆದು ಮತ್ತೆ 60 ವರ್ಷ, ಹಕ್ಕು ಅವರದು ಅಥವಾ ಅವರ ವಾರಸುದಾರರದು. ಚಿತ್ರಕಾರರಿಗೂ ಇದೇ ಲೆಕ್ಕ. ಡಿ.ವಿ.ಜಿ. ತೀರಿಕೊಂಡಿದ್ದು 1975ರಲ್ಲಿ. ಅಂದ್ರೆ ಕಗ್ಗ 2035ರ ಕೊನೆ ತನಕ ಕೃತಿಸ್ವಾಮ್ಯದಲ್ಲಿದೆ. ಬೇಂದ್ರೆ 1981, ಅಲ್ಲಿಗೆ 2041. ಕುವೆಂಪು 1994, ಅಲ್ಲಿಗೆ 2054. ‘ಮಾಲ್ಗುಡಿ’ ಅಂದ ತಕ್ಷಣ ಕಣ್ಣಿಗೆ ಬರೋ ಆ ರೇಖಾಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರದು. ಅವರು ಹೋಗಿದ್ದು 2015ರಲ್ಲಿ. ಲೆಕ್ಕ ನೀವೇ ಹಾಕಿ. ಪುಸ್ತಕದ ಮುಖಪುಟವನ್ನೇ ಸ್ಕ್ಯಾನ್ ಮಾಡಿ ದೊಡ್ಡದಾಗಿ ಪ್ರಿಂಟ್ ಮಾಡಿ ಮಾರೋರು ಇದಾರೆ. ಆ ಮುಖಪುಟ ಬರೆದ ಕಲಾವಿದರೂ ಒಬ್ಬರು ಇದಾರೆ, ಹೆಚ್ಚಾಗಿ ಪುಸ್ತಕದ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅವರ ಹೆಸರಿರುತ್ತೆ. ಮಾರಾಟದ ದುಡ್ಡಲ್ಲಿ ಅವರಿಗೆ ಏನಾದ್ರೂ ಹೋಗುತ್ತಾ?

ಕೊಳ್ಳೋರು ಪೊಲೀಸ್ ಆಗಬೇಕಿಲ್ಲ. ಮಾರೋರಿಗೆ ಒಂದೇ ಒಂದು ಮೆಸೇಜ್ ಹಾಕಿ: ‘ಇದನ್ನ ಬರೆದ ಕಲಾವಿದರು ಯಾರು?’ ಹೆಸರು ಬಂದ್ರೆ ಮುಂದುವರಿಯಿರಿ. ‘ನಮ್ಮ ಟೀಮ್ ಮಾಡಿದ್ದು’ ಅಂತ ಬಂದ್ರೆ ನಾನಾದ್ರೆ ಅಲ್ಲಿಗೇ ನಿಲ್ಲಿಸ್ತೀನಿ. ಅದಕ್ಕಿಂತ ಚೆನ್ನಾಗಿರೋ ದಾರಿ ಅಂದ್ರೆ, ಇನ್‌ಸ್ಟಾಗ್ರಾಮಲ್ಲಿ ನೀವೇ ಫಾಲೋ ಮಾಡ್ತಿರೋ ಕಲಾವಿದರಿಗೆ ನೇರ ಬರೆಯೋದು. ಎಷ್ಟೋ ಜನ ತಮ್ಮದೇ ಪ್ರಿಂಟ್‌ಗಳನ್ನ ಸಹಿ ಹಾಕಿ ಕಳಿಸ್ತಾರೆ. ಲಿನೋಕಟ್, ಮರದಚ್ಚು ಥರ ಕೈಯಲ್ಲಿ ಅಚ್ಚು ಹಾಕಿದ್ದಾದ್ರೆ ಕೆಳಗೆ ಪೆನ್ಸಿಲಲ್ಲಿ 7/30 ಅಂತ ಬರೆದಿರ್ತಾರೆ. ಒಟ್ಟು ಮೂವತ್ತು ಹಾಕಿದಾರೆ, ಅದರಲ್ಲಿ ಇದು ಏಳನೇದು ಅಂತ ಅರ್ಥ. ಬೆಂಗಳೂರಿನವರಿಗೆ ಜನವರಿಯಲ್ಲಿ ಚಿತ್ರಸಂತೆ ಇದ್ದೇ ಇದೆ. ಚಿತ್ರಕಲಾ ಪರಿಷತ್ತಿನ ಎದುರು ಕುಮಾರಕೃಪಾ ರಸ್ತೆ ತುಂಬಾ ಕಲಾವಿದರೇ ಕೂತಿರ್ತಾರೆ. ಡಿಸೆಂಬರಿಗೆ ಆಗಲ್ಲ, ಸಂಕ್ರಾಂತಿಗೆ ಕೊಡೋಕೆ ಆಗುತ್ತೆ. ಎಳ್ಳುಬೆಲ್ಲದ ಜೊತೆ ಒಂದು ಚಿತ್ರ, ಯಾರು ಬೇಡ ಅಂತಾರೆ.

ದುಡ್ಡು ಕಡಿಮೆ ಇರೋರಿಗೆ ಬೇರೆ ದಾರಿ ಇದೆ. ಕೃತಿಸ್ವಾಮ್ಯ ಮುಗಿದ ಚಿತ್ರಗಳು.

ಜಾನ್ ಟೆನಿಯಲ್ 1865ರಲ್ಲಿ ‘ಆಲಿಸ್’ಗೆ ಬರೆದ ಚಿತ್ರಗಳು ಇದಕ್ಕೆ ಒಳ್ಳೇ ಉದಾಹರಣೆ. ಆ ಗಡಿಯಾರ ಹಿಡಿದ ಮೊಲ ಅವರದ್ದೇ. ನಾ. ಕಸ್ತೂರಿಯವರು ಆ ಪುಸ್ತಕವನ್ನ ‘ಪಾತಾಳದಲ್ಲಿ ಪಾಪಚ್ಚಿ’ ಅಂತ ಕನ್ನಡಕ್ಕೆ ತಂದರು. ಮನೆಯಲ್ಲಿ ಅದನ್ನ ಓದಿ ಬೆಳೆದ ಹಿರಿಯರಿದ್ರೆ ಆ ಮೊಲ ಕೊಡಿ, ಮುಖ ನೋಡಿ. ‘ಡಾನ್ ಕ್ವಿಕ್ಸೋಟ್’ಗೆ ಗುಸ್ತಾವ್ ದೊರೆ ಬರೆದದ್ದೂ ಹೀಗೇ ಮುಕ್ತ. ಹಾರುವ ಓತಿ ಬೇಕು ಅಂದ್ರೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅಂತ ಒಂದು ತಾಣ ಇದೆ, ಹಳೇ ಪ್ರಾಣಿಶಾಸ್ತ್ರದ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಟ್ಟಿದಾರೆ. ಅದರಲ್ಲಿ ಹುಡುಕ್ತಾ ಕೂತ್ರೆ ರಾತ್ರಿ ಕಳೆದಿದ್ದೇ ಗೊತ್ತಾಗಲ್ಲ.

ನಮ್ಮ ಕಡೆಯವರು ಬೇಕು ಅಂದ್ರೆ ರಾಜಾ ರವಿವರ್ಮ. 1906ರಲ್ಲಿ ತೀರಿಕೊಂಡರು, ಹಕ್ಕು ಮುಗಿದು ಎಷ್ಟೋ ಕಾಲವಾಯ್ತು. ರವಿವರ್ಮ ಅಂದ ತಕ್ಷಣ ನಮಗೆ ದೇವರ ಕ್ಯಾಲೆಂಡರ್ ನೆನಪಾಗುತ್ತೆ. ಆದ್ರೆ ಅವರ ಎಷ್ಟೊಂದು ಚಿತ್ರಗಳು ಪುಸ್ತಕದಿಂದಲೇ ಎದ್ದು ಬಂದವು. ಕಾಳಿದಾಸನ ಶಕುಂತಲೆ, ಮಹಾಭಾರತದ ದಮಯಂತಿ. ಪ್ರಿಂಟ್ ಅನ್ನೋ ವಿಷಯದಲ್ಲೂ ಅವರೇ ನಮಗೆಲ್ಲ ಹಿರಿಯಣ್ಣ. 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿ, ಅರಮನೆಯಲ್ಲಿದ್ದ ಚಿತ್ರಗಳನ್ನ ಸಾಮಾನ್ಯರ ಮನೆಯ ಗೋಡೆಗೆ ತಂದವರು.

ಚಿಕ್ಕಮ್ಮನಿಗೆ ನಾನು ಮರುವರ್ಷ ಕೊಟ್ಟಿದ್ದು ಅದನ್ನೇ. ಹೇಗೆ ಹೊಳೀತು ಅಂದ್ರೆ, ನಾನು ಚಿಕ್ಕವನಿದ್ದಾಗ ಅವರು ಅಡುಗೆಮನೆಯಲ್ಲಿ ಕೆಲಸ ಮಾಡ್ತಾ ಕನಕದಾಸರ ‘ನಳಚರಿತ್ರೆ’ಯ ಪದ್ಯಗಳನ್ನ ಹೇಳ್ಕೋತಿದ್ರು. ಮಾರನೇ ದಿನದ ಪಾಠಕ್ಕೆ ತಯಾರಿ ಅದು. ಹಂಸ ಬಂದು ದಮಯಂತಿ ಹತ್ತಿರ ನಳನ ಸುದ್ದಿ ಹೇಳೋ ಭಾಗ ಬಂದ್ರೆ ದನಿಯೇ ಬೇರೆ ಆಗ್ತಿತ್ತು. ಅದು ನೆನಪಾಯ್ತು. ಆಮೇಲೆ ಈ ಸಲ ಮೋಸ ಬೇಡ ಅಂತ ‘ನಳಚರಿತ್ರೆ’ ತಂದು ಓದಿದೆ. ಪೂರ್ತಿ ಅರ್ಥ ಆಯ್ತು ಅಂತ ಹೇಳಲ್ಲ, ಟೀಕೆ ಇಟ್ಕೊಂಡು ಓದಿದೆ. ಓದಿದ ಮೇಲೆ ರವಿವರ್ಮರ ‘ಹಂಸ ದಮಯಂತಿ’ಯನ್ನ ಮತ್ತೆ ನೋಡಿದೆ. ಕೆಂಪು ಸೀರೆ ಉಟ್ಟ ದಮಯಂತಿ, ಎದುರಿಗೆ ಕತ್ತು ಎತ್ತಿದ ಹಂಸ. 1899ರ ಚಿತ್ರ. ಎಷ್ಟು ಸಲ ನೋಡಿದ್ದೆ, ಅವಳು ಕೇಳಿಸಿಕೊಳ್ತಿದ್ದಾಳೆ ಅನ್ನೋದು ಮಾತ್ರ ಆವತ್ತೇ ಕಂಡಿದ್ದು.

ಈಗ ಪ್ರಿಂಟ್ ಮಾಡಿಸೋ ವಿಷಯ, ಬೇಗ ಬೇಗ ಹೇಳ್ತೀನಿ. ಎ3 ಅಳತೆ ಅಂದ್ರೆ 297 ಮಿಲಿಮೀಟರ್ ಅಗಲ, 420 ಎತ್ತರ. ಅದು ಚೊಕ್ಕವಾಗಿ ಬರಬೇಕು ಅಂದ್ರೆ ಫೈಲ್ ಸುಮಾರು 3,500 ಪಿಕ್ಸೆಲ್ ಅಗಲ, 5,000 ಪಿಕ್ಸೆಲ್ ಎತ್ತರ ಇರಬೇಕು. ಎ4 ಆದ್ರೆ 2,500ಕ್ಕೆ 3,500. ಗೂಗಲ್‌ನಲ್ಲಿ ಕಂಡ ಸಣ್ಣ ಚಿತ್ರವನ್ನ ಒತ್ತಿಹಿಡಿದು ಸೇವ್ ಮಾಡಿಕೊಂಡ್ರೆ ಇಷ್ಟು ಸಿಗಲ್ಲ, ಮೂಲ ತಾಣಕ್ಕೆ ಹೋಗಿ ದೊಡ್ಡ ಫೈಲ್ ಇಳಿಸಿಕೊಳ್ಳಿ. ಅಂಗಡಿಗೆ ವಾಟ್ಸಾಪಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸಬೇಡಿ, ಕುಗ್ಗಿಬಿಡುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ. ಕಾಗದ 200 ಜಿಎಸ್‌ಎಂಗಿಂತ ಮೇಲಿರಲಿ, ಜೆರಾಕ್ಸ್ ಹಾಳೆ 70, 80 ಇರುತ್ತೆ, ಅದಕ್ಕೆ ಹೋಲಿಸಿ ನೋಡಿ. ಮ್ಯಾಟ್ ತಗೊಳ್ಳಿ. ಗ್ಲಾಸಿ ಹಾಳೆ, ಮೇಲೊಂದು ಗಾಜು ಸೇರಿದ್ರೆ ಚಿತ್ರದಲ್ಲಿ ಟ್ಯೂಬ್‌ಲೈಟ್ ಬಿಟ್ಟು ಬೇರೇನೂ ಕಾಣಲ್ಲ. ಬಣ್ಣ ಹೆಚ್ಚು ಕಾಲ ಉಳಿಯಬೇಕು ಅಂದ್ರೆ ಪಿಗ್‌ಮೆಂಟ್ ಇಂಕ್ ಇದೆಯಾ ಕೇಳಿ.

ಒಂದು ಕಡೆ ಮಾತ್ರ ನಿಧಾನ ಮಾಡಿ. ಹಳೇ ಚಿತ್ರಗಳ ಅಳತೆ ಎ3ಗೆ ಸರಿಯಾಗಿ ಕೂರಲ್ಲ. ನೀವು ಹೇಳದೇ ಇದ್ರೆ ಅಂಗಡಿಯ ಹುಡುಗ ಹಾಳೆ ತುಂಬೋ ಹಾಗೆ ಮಾಡೋಕೆ ಅಂಚು ಕತ್ತರಿಸ್ತಾನೆ. ನನ್ನ ಮೊದಲ ಪ್ರಿಂಟಲ್ಲಿ ಹಂಸದ ಬಾಲ ಹೋಗಿತ್ತು. ತಪ್ಪು ಅವನದಲ್ಲ, ‘ಕತ್ತರಿಸಬೇಡಿ, ಸುತ್ತ ಬಿಳಿ ಬಿಡಿ’ ಅಂತ ನಾನು ಹೇಳಿರಲಿಲ್ಲ. ಎರಡನೇ ಸಲ ಹೇಳಿದೆ. ಪ್ರಿಂಟಿಗಿಂತ ಕಟ್ಟಿಗೇ ಜಾಸ್ತಿ ಖರ್ಚಾಯ್ತು, ಅದಕ್ಕೆ ಸಿದ್ಧರಾಗಿರಿ. ಕಟ್ಟು ಹಾಕೋರಿಗೆ ಚಿತ್ರ ಗಾಜಿಗೆ ಅಂಟದ ಹಾಗೆ ನಡುವೆ ದಪ್ಪ ರಟ್ಟಿನ ಅಂಚು ಕೊಡೋಕೆ ಹೇಳಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದು ಇನ್ನೂ ಮುಖ್ಯ. ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಹತ್ತಿಕೊಂಡ್ರೆ ಬಿಡಿಸೋಕೆ ಬರಲ್ಲ. ಎಲ್ಲೇ ಇರಲಿ, ಬಿಸಿಲು ನೇರ ಬೀಳೋ ಗೋಡೆ ಬೇಡ ಅಂತ ಕೊಡುವಾಗಲೇ ಹೇಳಿಬಿಡಿ.

ಪಿಜಿಯಲ್ಲಿರೋ ಗೆಳೆಯರಿಗೆ ಕೊಡೋದಾದ್ರೆ ಎ3 ಬೇಡವೇ ಬೇಡ. ಮೊಳೆ ಹೊಡೆದ್ರೆ ಓನರ್ ಅಡ್ವಾನ್ಸಲ್ಲಿ ಮುರ್ಕೋತಾರೆ. ಎ5 ಅಳತೆಯಲ್ಲಿ, ಹಿಂದೆ ಕಾಲು ಇರೋ ಫ್ರೇಮ್ ಹಾಕಿಸಿ, ಟೇಬಲ್ ಮೇಲೆ, ಪುಸ್ತಕದ ಪಕ್ಕ ನಿಲ್ಲುತ್ತೆ. ರೂಮ್ ಬದಲಾಯಿಸುವಾಗ ಬ್ಯಾಗಲ್ಲೂ ಹೋಗುತ್ತೆ.

ಚಿಕ್ಕಮ್ಮನ ವಿಷಯ ಅರ್ಧಕ್ಕೆ ಬಿಟ್ಟೆ ಅಲ್ವಾ. ಈ ಸಲ ಕವರ್ ಬಿಚ್ಚಿದಾಗ ಅವರು ಕನ್ನಡಕ ಹುಡುಕಲಿಲ್ಲ. ಹಾಗೇ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳೇ ದನಿಯಲ್ಲಿ ಪದ್ಯ ಶುರು ಮಾಡಿದರು. ಎರಡನೇ ಸಾಲಲ್ಲಿ ನಿಂತು, ನನ್ನ ಕಡೆ ನೋಡಿ, ‘ಮುಂದೆ?’ ಅಂದರು. ನನಗೆ ಬಾಯಿಪಾಠ ಇರಲಿಲ್ಲ. ಆದ್ರೆ ಕಥೆ ಹೇಳೋಕೆ ಬಂತು. ಅರ್ಧ ಮಾರ್ಕ್ಸ್ ಕೊಟ್ಟರು. ದಮಯಂತಿ ಈಗ ಅವರ ಹಾಲಿನಲ್ಲಿ ಕ್ಯಾಲೆಂಡರ್ ಪಕ್ಕ ಇದಾಳೆ. ಆ ಹಳೇ ವಚನದ ಪ್ರಿಂಟ್ ಇನ್ನೂ ಬೀರುವಿನ ಮೇಲೇ ಇದೆ. ಮೊನ್ನೆ ಹೋದಾಗ ಇಳಿಸಿ ನೋಡಿದೆ, ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಲ್ಲಿ ಇಡೀ ವಚನವನ್ನ ಸರಿಯಾಗಿ ಬರೆದು, ಕೆಳಗೆ ಅಕ್ಕಮಹಾದೇವಿ ಅಂತ ಹಾಕಿಟ್ಟಿದಾರೆ.

ಕಟ್ಟು ಹಾಕೋ ಅಂಗಡಿಗಳಲ್ಲಿ ಡಿಸೆಂಬರ್ ಕೊನೇ ವಾರ ತುಂಬ ರಶ್ ಇರುತ್ತೆ. ಕೊಡೋದಿದ್ರೆ ಈ ವಾರವೇ ಕೊಟ್ಟುಬಿಡಿ. ನೀವು ಯಾವ ಪುಸ್ತಕಕ್ಕೆ ಯಾವ ಚಿತ್ರ ಆರಿಸಿದ್ರಿ ಅಂತ ನಮಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಕೇಳಿಸ್ತೀನಿ. ಮುಂದಿನ ವಾರ ಸಿಗೋಣ.